ಮರಿ ಕಚ್ಚುತ್ತಿದೆಯಾ? ಮೊದಲು ಕಾರಣ ಹುಡುಕಿ

ಇದು 2ರಿಂದ 6 ತಿಂಗಳ ನಾಯಿಮರಿ ಇರುವ ಮನೆಗಳಿಗೆ. ಅದರಲ್ಲೂ ಬೀದಿಯಲ್ಲಿ ಸಿಕ್ಕ ಒಂಟಿ ಮರಿಯನ್ನು ಕರುಣೆಯಿಂದ ಮನೆಗೆ ತಂದು, ಈಗ ಕೈಕಾಲೆಲ್ಲಾ ಗೀರು ಮಾಡಿಕೊಂಡು ಏನು ಮಾಡಬೇಕೋ ತೋಚದೆ ಕೂತವರಿಗೆ. ಮರಿ ಲ್ಯಾಬ್ರಡಾರ್ ಆಗಿರಲಿ, ಪಮೇರಿಯನ್ ಆಗಿರಲಿ, ಮುಧೋಳದ್ದೇ ಆಗಿರಲಿ, ಕಾರಣ ಹುಡುಕುವ ದಾರಿ ಒಂದೇ.

ಕಚ್ಚುವುದು ಅಂದರೆ ಒಂದೇ ದೋಷ ಅಲ್ಲ. ನಿದ್ದೆ ಸಾಲದ ಮರಿ ಕಚ್ಚುತ್ತದೆ. ಹಸಿದ ಮರಿ ಕಚ್ಚುತ್ತದೆ. ಒಸಡು ನೋಯುವ ಮರಿ, ಹೆದರಿದ ಮರಿ, ಆಟಕ್ಕೆ ಕರೆಯುವ ಮರಿ, ಎಲ್ಲವೂ ಕಚ್ಚುತ್ತವೆ. ಹೊರಗಿನಿಂದ ನೋಡಿದರೆ ಎಲ್ಲಾ ಒಂದೇ ಥರ ಕಾಣುತ್ತದೆ, ಪರಿಹಾರ ಮಾತ್ರ ಬೇರೆ ಬೇರೆ. ಹೆದರಿದ ಮರಿಗೆ ಆಟದ ಮರಿಯ ಪಾಠ ಹೇಳಿಕೊಟ್ಟರೆ ಕಚ್ಚುವುದು ಇನ್ನೂ ಜಾಸ್ತಿ ಆಗುತ್ತದೆ. ಹಾಗಾಗಿ ಸಲಹೆ ಕೊಡುವವರ ಮಾತು ಕೇಳುವ ಮೊದಲು ನಿಮ್ಮ ಮರಿ ಯಾವ ಕಾರಣಕ್ಕೆ ಕಚ್ಚುತ್ತಿದೆ ಅಂತ ಪತ್ತೆ ಮಾಡಬೇಕು.

ರಕ್ತ ಬಂದಿದೆಯಾ? ಮೊದಲು ಆ ಕೆಲಸ

"ಮರಿ ಅಲ್ವಾ, ಏನಾಗುತ್ತೆ" ಅನ್ನುವ ಮಾತನ್ನು ದಯವಿಟ್ಟು ನಂಬಬೇಡಿ. ರೇಬೀಸ್ ಮರಿಗಳಿಗೂ ಬರುತ್ತದೆ. ಬೀದಿಯಿಂದ ಬಂದ ಮರಿಯನ್ನು ಮೊದಲು ಯಾವ ನಾಯಿ ಕಚ್ಚಿತ್ತು, ತಾಯಿಯ ಸ್ಥಿತಿ ಹೇಗಿತ್ತು ಅನ್ನುವುದು ನಮಗೆ ಗೊತ್ತಿರುವುದಿಲ್ಲ. ಮರಿಗೆ ರೇಬೀಸ್ ಲಸಿಕೆ ಹಾಕುವುದು ಸಾಮಾನ್ಯವಾಗಿ 3 ತಿಂಗಳು ತುಂಬಿದ ಮೇಲೆ. ಚರ್ಮ ಸೀಳಿದ ಪ್ರತಿ ಗಾಯವನ್ನೂ ಗಂಭೀರವಾಗಿ ತೆಗೆದುಕೊಳ್ಳಬೇಕು.

ಗಾಯವನ್ನು ಹರಿಯುವ ನೀರಿನ ಕೆಳಗೆ ಹಿಡಿದು, ಸೋಪು ಹಾಕಿ 15 ನಿಮಿಷ ತೊಳೆಯಿರಿ. 15 ನಿಮಿಷ ಅಂದರೆ ತುಂಬಾ ಹೊತ್ತು, ಗಡಿಯಾರ ನೋಡಿಕೊಂಡೇ ತೊಳೆಯಿರಿ. ಅರಿಶಿನ, ಸುಣ್ಣ, ಕಾಫಿಪುಡಿ, ಖಾರದಪುಡಿ ಏನನ್ನೂ ಮೆತ್ತಬೇಡಿ. ಅವತ್ತೇ ಡಾಕ್ಟರ್ ಹತ್ತಿರ ಹೋಗಿ. ಸರ್ಕಾರಿ ಆಸ್ಪತ್ರೆಗಳಲ್ಲಿ ರೇಬೀಸ್ ಲಸಿಕೆ ಉಚಿತವಾಗಿ ಸಿಗುತ್ತದೆ. ಮರಿಯನ್ನು 10 ದಿನ ಗಮನಿಸಬೇಕು ಅನ್ನುವುದು ನಿಜ, ಆದರೆ ಆ 10 ದಿನ ಕಾದು ಆಮೇಲೆ ಲಸಿಕೆ ಹಾಕಿಸಿಕೊಳ್ಳೋಣ ಅನ್ನುವುದು ತಪ್ಪು. ಲಸಿಕೆ ಮೊದಲು ಶುರುವಾಗಲಿ, ಗಮನಿಸುವುದು ಜೊತೆಯಲ್ಲೇ ನಡೆಯಲಿ.

ಮರಿ ಇದ್ದಕ್ಕಿದ್ದಂತೆ ಮಂಕಾಗಿ ಮೂಲೆ ಸೇರಿದರೆ, ನುಂಗಲು ಒದ್ದಾಡಿದರೆ, ಜೊಲ್ಲು ಸುರಿಸಿದರೆ, ನಡಿಗೆ ತಪ್ಪಿದರೆ, ಎದುರಿಗೆ ಸಿಕ್ಕ ಕಲ್ಲು ಕಟ್ಟಿಗೆಯನ್ನೆಲ್ಲಾ ಕಚ್ಚತೊಡಗಿದರೆ ಮುಟ್ಟಬೇಡಿ. ಅದರ ಬಾಯಿಗೆ ಕೈ ಹಾಕಿ ಔಷಧಿ ಕುಡಿಸಲು ಹೋಗಬೇಡಿ. ಬಾಗಿಲು ಹಾಕಿ ಪಶುವೈದ್ಯರಿಗೆ ಫೋನ್ ಮಾಡಿ.

ಆಟವೋ, ನಿಜವಾದ ಕಡಿತವೋ

ಎರಡನ್ನೂ ಬೇರೆ ಮಾಡಲು ದನಿ ಕೇಳಬೇಡಿ, ಮೈ ನೋಡಿ. ಆಟ ಆಡುವಾಗಲೂ ಮರಿ ಗುರ್ ಅನ್ನುತ್ತದೆ, ಹಲ್ಲು ತೋರಿಸುತ್ತದೆ. ಆದರೆ ಮೈ ಸಡಿಲವಾಗಿರುತ್ತದೆ. ಮುಂಗಾಲು ಚಾಚಿ, ಎದೆ ನೆಲಕ್ಕೆ ತಾಗಿಸಿ, ಹಿಂಭಾಗ ಮೇಲೆತ್ತಿ ಕರೆಯುತ್ತದೆ. ಕಚ್ಚಿ ಬಿಟ್ಟು ಓಡುತ್ತದೆ, ಮತ್ತೆ ಬರುತ್ತದೆ.

ನಿಜವಾಗಿ ಹೆದರಿದ ಅಥವಾ ಸಿಟ್ಟಾದ ಮರಿ ಕಚ್ಚುವ ಮೊದಲು ಒಂದು ಗಳಿಗೆ ಗಟ್ಟಿಯಾಗಿ ನಿಂತುಬಿಡುತ್ತದೆ. ಬಾಲ ಒಳಗೆ ಸೇರಿರಬಹುದು, ಅಥವಾ ಕೋಲಿನಂತೆ ಬಿಗಿಯಾಗಿರಬಹುದು. ಮುಖ ಆಚೆ ತಿರುಗಿಸಿದರೂ ಕಣ್ಣು ನಿಮ್ಮ ಮೇಲೇ ಇರುತ್ತದೆ, ಕಣ್ಣಿನ ಬಿಳಿ ಎದ್ದು ಕಾಣುತ್ತದೆ. ಈ ಗಟ್ಟಿಯಾಗಿ ನಿಲ್ಲುವುದನ್ನು ಗುರುತಿಸಲು ಮನೆಯವರೆಲ್ಲಾ ಕಲಿಯಬೇಕು. ಅದು ಕಂಡ ಕೂಡಲೇ ಕೈ ಚಾಚುವುದನ್ನು ನಿಲ್ಲಿಸಿ, ಪಕ್ಕಕ್ಕೆ ತಿರುಗಿ, ಮರಿಗೆ ದೂರ ಹೋಗಲು ಜಾಗ ಬಿಡಿ.

ಪುಸ್ತಕದಲ್ಲಿ ಬರೆದಿಡಿ

ಒಂದೆರಡು ದಿನ ಏನನ್ನೂ ತಿದ್ದಲು ಹೋಗದೆ ಬರೀ ಗಮನಿಸಿ. ಕಚ್ಚಿದಾಗಲೆಲ್ಲಾ ಐದು ವಿಷಯ ಬರೆಯಿರಿ: ಹೊತ್ತು ಎಷ್ಟು, ಜಾಗ ಯಾವುದು, ಯಾರಿಗೆ ಕಚ್ಚಿತು, ಅದಕ್ಕೂ ಮುಂಚೆ ಏನು ನಡೀತಿತ್ತು, ಕಚ್ಚಿದ ಮೇಲೆ ನೀವು ಏನು ಮಾಡಿದಿರಿ.

ಕೊನೆಯದನ್ನು ಹೆಚ್ಚಿನವರು ಬಿಟ್ಟುಬಿಡುತ್ತಾರೆ, ಆದರೆ ಬಹಳಷ್ಟು ಸಲ ಉತ್ತರ ಅಲ್ಲೇ ಇರುತ್ತದೆ. ಒಂದು ಪುಟದಲ್ಲಿ ಹೀಗಿದೆ ಅಂದುಕೊಳ್ಳಿ: ಬೆಳಗ್ಗೆ 8 ಗಂಟೆ, ಅಡುಗೆಮನೆ, ಅಮ್ಮನ ಕಾಲು, ದೋಸೆ ಹಾಕುತ್ತಿದ್ದರು, ಒಂದು ಚೂರು ದೋಸೆ ಎಸೆದು ಆಚೆ ಕಳಿಸಿದರು. ಮಾರನೇ ದಿನವೂ ಅದೇ ಹೊತ್ತು, ಅದೇ ಕಾಲು, ಅದೇ ದೋಸೆ. ಅಲ್ಲಿಗೆ ಗೊತ್ತಾಯಿತಲ್ಲ. ಕಾಲು ಕಚ್ಚಿದರೆ ದೋಸೆ ಬರುತ್ತದೆ ಅಂತ ಮರಿ ಕಲಿತಿದೆ. ಇದಕ್ಕೆ ಬೈಯಬೇಕಾಗಿಲ್ಲ, ಹೊಡೆಯಬೇಕಾಗಿಲ್ಲ. ದೋಸೆ ಹೊತ್ತಿಗೆ ಮೊದಲೇ ಮರಿಯ ಹೊಟ್ಟೆ ತುಂಬಿಸಿ, ಅಡುಗೆಮನೆ ಬಾಗಿಲಿಗೆ ಅಡ್ಡ ಹಲಗೆ ಇಟ್ಟರೆ ಆಯಿತು.

ಬರೆದದ್ದನ್ನು ಇಟ್ಟುಕೊಂಡು ಕೆಳಗಿನ ಲಕ್ಷಣಗಳಲ್ಲಿ ನಿಮ್ಮದು ಯಾವುದು ನೋಡಿ. ಎರಡು ಮೂರು ಒಟ್ಟಿಗೆ ಇರಬಹುದು.

ಲಕ್ಷಣ: ಸಂಜೆಯಾದರೆ ಹುಚ್ಚು ಹಿಡಿದಂತೆ ಕಚ್ಚುತ್ತದೆ

ಪುಸ್ತಕದಲ್ಲಿ ಸಂಜೆ 6ರಿಂದ 9ರ ನಡುವೆ ಜಾಸ್ತಿ ಗೀಟು ಬಿದ್ದಿದ್ದರೆ ಮೊದಲ ಅನುಮಾನ ನಿದ್ದೆಯ ಮೇಲೆ. ಇದನ್ನು ನಾನು ಎಲ್ಲಕ್ಕಿಂತ ಮೇಲೆ ಇಡುತ್ತೇನೆ, ಏಕೆಂದರೆ ನಮ್ಮ ಮನೆಗಳಲ್ಲಿ ಯಾರೂ ನೋಡದ ಕಾರಣ ಇದೇ. ಪುಟ್ಟ ಮರಿಗೆ ದಿನಕ್ಕೆ 18ರಿಂದ 20 ಗಂಟೆ ನಿದ್ದೆ ಬೇಕು. ಅಷ್ಟು ನಿದ್ದೆ ನಮ್ಮ ಮನೆಯಲ್ಲಿ ಅದಕ್ಕೆ ಎಲ್ಲಿ ಸಿಗುತ್ತದೆ, ಯೋಚಿಸಿ. ಬೆಳಗ್ಗೆ ಹಾಲಿನವರು, ಪೇಪರಿನವರು, ಕುಕ್ಕರ್ ಕೂಗು. ಮಧ್ಯಾಹ್ನ ಪಕ್ಕದ ಮನೆಯವರು ಮರಿ ನೋಡಲು ಬರುತ್ತಾರೆ. ನಾಲ್ಕಕ್ಕೆ ಮಕ್ಕಳು ಸ್ಕೂಲಿಂದ ಬಂದು ಮಲಗಿದ್ದ ಮರಿಯನ್ನು ಎತ್ತಿಕೊಳ್ಳುತ್ತಾರೆ. ಆರಕ್ಕೆ ಅಪ್ಪ ಬರುತ್ತಾರೆ, ಅವರದ್ದೊಂದು ಸುತ್ತು ಆಟ. ಆಮೇಲೆ ಟಿವಿ. ಎಲ್ಲರೂ ಪ್ರೀತಿಯಿಂದಲೇ ಮಾಡಿದ್ದು. ಆದರೆ ಏಳು ಗಂಟೆಗೆ ಮರಿಯ ಕೈಲಿ ಏನೂ ತಡೆಯಲು ಆಗುವುದಿಲ್ಲ.

ನಿದ್ದೆಗೆಟ್ಟ ಮರಿ ತೂಕಡಿಸುವುದಿಲ್ಲ, ಬದಲಿಗೆ ಓಡುತ್ತದೆ. ಸೋಫಾ ಸುತ್ತ ಗಿರಗಿರ ತಿರುಗುತ್ತದೆ, ಕರೆದರೆ ಕೇಳಿಸುವುದಿಲ್ಲ, ಕಡಿತ ಒಂದಕ್ಕಿಂತ ಒಂದು ಜೋರಾಗುತ್ತದೆ. "ಇನ್ನೂ ಎಷ್ಟು ಶಕ್ತಿ ಇದೆ ನೋಡಿ, ಇನ್ನೊಂದು ಸುತ್ತು ಓಡಾಡಿಸೋಣ" ಅಂತ ಹೊರಗೆ ಕರೆದುಕೊಂಡು ಹೋದರೆ ಇನ್ನೂ ಹದಗೆಡುತ್ತದೆ.

ಪರೀಕ್ಷೆ ಸುಲಭ. ಮೂರು ದಿನ ಹೀಗೆ ಮಾಡಿ: ಮರಿ ಎದ್ದು ಸುಮಾರು ಒಂದು ಗಂಟೆ ಆಗುತ್ತಿದ್ದಂತೆ ಉಚ್ಚೆ ಮಾಡಿಸಿ, ಮಲಗುವ ಜಾಗಕ್ಕೆ ಕರೆದುಕೊಂಡು ಹೋಗಿ. ಎಷ್ಟು ಹೊತ್ತು ಮಲಗುತ್ತದೋ ಮಲಗಲಿ, ಯಾರೂ ಎಬ್ಬಿಸಬಾರದು. ಜಾಗ ಮನೆಯ ಒಳಗೇ ಇರಲಿ, ಓಡಾಟ ಕಡಿಮೆ ಇರುವ ಮೂಲೆ ಆಗಿರಲಿ. ಮಂಚದ ಕೆಳಗೆ ಹಳೇ ಕಂಬಳಿ ಹಾಸಿದರೂ ಸಾಕು, ಪಕ್ಕಕ್ಕೆ ಮಲಗಿಸಿದ ದೊಡ್ಡ ರಟ್ಟಿನ ಪೆಟ್ಟಿಗೆಯಾದರೂ ಸಾಕು. ರಸ್ತೆ ಕಡೆಯ ವರಾಂಡ ಬೇಡ. ಹಾರ್ನ್, ಬೀದಿನಾಯಿ, ಗಾಡಿ ಸದ್ದಿಗೆ ಅಲ್ಲಿ ನಿದ್ದೆ ಬರುವುದಿಲ್ಲ. ನಾಲ್ಕು ದಿನದ ಹಿಂದಷ್ಟೇ ಬಂದ ಮರಿಯಾದರೆ ಬಿಟ್ಟು ಎದ್ದು ಹೋಗಬೇಡಿ, ಪಕ್ಕದಲ್ಲಿ ಸುಮ್ನೆ ಕೂತಿರಿ. ನೆಕ್ಕಲು ಒಂದಿಷ್ಟು ಮೊಸರು ಸವರಿದ ರಬ್ಬರ್ ಆಟಿಕೆ ಕೊಟ್ಟರೆ ನೆಕ್ಕುತ್ತಾ ನೆಕ್ಕುತ್ತಾ ಮಲಗುತ್ತದೆ.

ಮೂರನೇ ದಿನದ ಹೊತ್ತಿಗೆ ಸಂಜೆಯ ಗೀಟುಗಳು ಕಡಿಮೆಯಾಗಿದ್ದರೆ ಕಾರಣ ಸಿಕ್ಕಿತು. ಇದೇ ಕ್ರಮ ಮುಂದುವರಿಸಿ. "ಮಲಗಿದ ಮರಿಯನ್ನು ಮುಟ್ಟುವ ಹಾಗಿಲ್ಲ" ಅನ್ನುವುದು ಮನೆಯ ಕಾಯಂ ನಿಯಮ ಆಗಲಿ, ಬಂದ ನೆಂಟರಿಗೂ ಸೇರಿ.

ಲಕ್ಷಣ: ಆಟಿಕೆ ಬೇಡ, ಕೈಯೇ ಬೇಕು, ಕಡಿತ ಜೋರು

ಇದು ಒಂಟಿ ಮರಿಯ ಮುಖ್ಯ ತೊಂದರೆ. ಮರಿಗಳಿಗೆ ಹಾಲುಹಲ್ಲು ಮೂಡಲು ಶುರುವಾಗುವುದು ಸುಮಾರು 3 ವಾರಕ್ಕೆ. ಆಮೇಲೆ ಅಣ್ಣತಮ್ಮಂದಿರ ಜೊತೆ ಬಿದ್ದು ಹೊರಳಾಡುತ್ತಾ ಬಾಯಿಯ ಬಲ ಎಷ್ಟು ಅಂತ ಕಲಿಯುತ್ತವೆ. ಜೋರಾಗಿ ಕಚ್ಚಿದರೆ ಇನ್ನೊಂದು ಮರಿ ಕಿರುಚಿ ಆಟ ಬಿಟ್ಟು ಹೋಗುತ್ತದೆ. ಹಾಲು ಕುಡಿಯುವಾಗ ಕಚ್ಚಿದರೆ ತಾಯಿ ಎದ್ದು ಹೋಗುತ್ತದೆ. ಈ ಪಾಠ ದಿನವೂ ಎಷ್ಟೋ ಸಲ ಆಗುತ್ತಿರುತ್ತದೆ. 8 ವಾರ ತುಂಬದ ಮರಿಯನ್ನು ಮಾರಬಾರದು ಅಂತ 2017ರ ಕೇಂದ್ರ ಸರ್ಕಾರದ ನಿಯಮಗಳೇ ಹೇಳುತ್ತವೆ. ಆದರೂ ನಮ್ಮಲ್ಲಿ 30, 35 ದಿನದ ಮರಿಗಳು ಮನೆ ಸೇರುತ್ತವೆ. ಬೀದಿ ಮರಿಯ ತಾಯಿ ಗಾಡಿಗೆ ಸಿಕ್ಕಿ ಸತ್ತಿದ್ದರೆ ಅದಕ್ಕೆ ಬೇರೆ ದಾರಿಯೇ ಇರಲಿಲ್ಲ. ಅಂಥ ಮರಿಗೆ ತನ್ನ ಹಲ್ಲು ಚೂಪಾಗಿದೆ ಅಂತ ಯಾರೂ ಹೇಳಿಕೊಟ್ಟಿಲ್ಲ. ಆ ಕೆಲಸ ಈಗ ನಿಮ್ಮದು.

ಇಲ್ಲಿ ಕಲಿಸುವವರಲ್ಲೇ ಎರಡು ಅಭಿಪ್ರಾಯ ಇದೆ. ಹಲ್ಲು ಚರ್ಮಕ್ಕೆ ತಾಗಲೇಬಾರದು, ಮೊದಲ ದಿನದಿಂದಲೇ ನಿಲ್ಲಿಸಬೇಕು ಅನ್ನುವವರು ಕೆಲವರು. ಮೊದಲು ಜೋರು ಕಡಿತ ನಿಲ್ಲಿಸಿ, ಆಮೇಲೆ ಮೆಲ್ಲಗಿನದ್ದು, ಕೊನೆಗೆ ಪೂರ್ತಿ ನಿಲ್ಲಿಸಿ ಅನ್ನುವವರು ಇನ್ನು ಕೆಲವರು. ಒಂಟಿ ಮರಿಗೆ ಎರಡನೆಯದೇ ಸರಿ ಅಂತ ನನ್ನ ಅಭಿಪ್ರಾಯ. ಮುಂದೆ ದೊಡ್ಡದಾದ ಮೇಲೆ ಕತ್ತಲಲ್ಲಿ ಯಾರೋ ಬಾಲ ತುಳಿದರೆ ಯಾವ ನಾಯಿಯೂ ಬಾಯಿ ಹಾಕಬಹುದು. ಬಾಯಿಯ ಬಲ ಹಿಡಿತದಲ್ಲಿಡಲು ಕಲಿತ ನಾಯಿ ಆಗ ಗಾಯ ಮಾಡುವ ಸಂಭವ ಕಡಿಮೆ. ಆದರೆ ಮನೆಯಲ್ಲಿ ಪುಟ್ಟ ಮಕ್ಕಳಿದ್ದರೆ, ಸಕ್ಕರೆ ಕಾಯಿಲೆ ಇರುವ ಅಥವಾ ರಕ್ತ ತೆಳುವಾಗುವ ಮಾತ್ರೆ ತೆಗೆದುಕೊಳ್ಳುವ ಅಜ್ಜ ಅಜ್ಜಿ ಇದ್ದರೆ, ಅವರ ಕೈಯಲ್ಲಿ ಈ ಪಾಠ ಬೇಡ. ಗಟ್ಟಿಮುಟ್ಟಾದ ಒಬ್ಬಿಬ್ಬರು ದೊಡ್ಡವರು ಮಾತ್ರ ಕಲಿಸಲಿ.

ಹೇಗೆ ಅಂದರೆ, ಆಟ ಆಡುತ್ತಿರುವಾಗ ಮರಿ ಜೋರಾಗಿ ಕಚ್ಚಿತು. ಕೈ ಎಳೆದುಕೊಳ್ಳಬೇಡಿ. ಎಳೆದರೆ ಓಡುವ ಬೇಟೆ ಅಂತ ಅದಕ್ಕೆ ಅನಿಸುತ್ತದೆ, ಚರ್ಮವೂ ಹರಿಯುತ್ತದೆ. ಕೈ ಸಡಿಲ ಬಿಡಿ. "ಸಾಕು" ಅಂತ ಮಾಮೂಲಿ ದನಿಯಲ್ಲಿ ಹೇಳಿ. ಎದ್ದು ಅಡ್ಡಹಲಗೆ ದಾಟಿಯೋ ಬಾಗಿಲ ಆಚೆಯೋ ಹೋಗಿ ನಿಲ್ಲಿ. 10ರಿಂದ 20 ಸೆಕೆಂಡ್ ಸಾಕು. ವಾಪಸ್ ಬಂದು ಏನೂ ಆಗದವರಂತೆ, ಈ ಸಲ ಕೈಯಲ್ಲಿ ಆಟಿಕೆ ಹಿಡಿದು, ಆಟ ಮುಂದುವರಿಸಿ. ಮತ್ತೆ ಜೋರಾಗಿ ಕಚ್ಚಿದರೆ ಮತ್ತೆ ಎದ್ದು ಹೋಗಿ. ನಾಲ್ಕೈದು ಸಲ ಹೀಗಾದ ಮೇಲೂ ಕಚ್ಚುತ್ತಲೇ ಇದ್ದರೆ ಅದು ಪಾಠ ಕಲಿಯುವ ಹೊತ್ತಲ್ಲ, ನಿದ್ದೆ ಹೊತ್ತು. ಮಲಗಿಸಿ.

ನೀವೇ ಯಾಕೆ ಎದ್ದು ಹೋಗಬೇಕು, ಮರಿಯನ್ನೇ ರೂಮಿಗೆ ಹಾಕಿದರೆ ಆಗಲ್ವಾ ಅಂತ ಕೇಳಬಹುದು. ಮರಿಯನ್ನು ಅಟ್ಟಿಸಿಕೊಂಡು ಹೋಗಿ ಹಿಡಿಯುವುದೇ ಅದಕ್ಕೆ ಇನ್ನೊಂದು ಆಟ. ಹಿಡಿದು ಎತ್ತಿಕೊಂಡು ಹೋಗುವಷ್ಟರಲ್ಲಿ ಯಾಕೆ ಅನ್ನುವುದು ಅದಕ್ಕೆ ಮರೆತಿರುತ್ತದೆ. ಕೈ ಹತ್ತಿರ ಬಂದರೆ ಕೆಟ್ಟದಾಗುತ್ತದೆ ಅನ್ನುವುದಷ್ಟೇ ನೆನಪಿರುತ್ತದೆ.

ಕಚ್ಚಿದಾಗ ಮರಿಯ ಹಾಗೆ "ಕೈಂ" ಅಂತ ಕಿರುಚಿ ಅಂತಲೂ ಹೇಳುತ್ತಾರೆ. ಕೆಲವು ಮರಿಗಳಿಗೆ ಇದು ನಾಟುತ್ತದೆ, ಕೆಲವಕ್ಕೆ ಮಜಾ ಬಂದು ಇನ್ನೂ ಮೇಲೆ ಬೀಳುತ್ತವೆ. ಒಂದೆರಡು ಸಲ ನೋಡಿ. ಕಿರುಚಿದಾಗ ಬೆಚ್ಚಿ ಬಾಯಿ ಬಿಟ್ಟರೆ ಮುಂದುವರಿಸಿ, ಇಲ್ಲವಾದರೆ ಅಲ್ಲಿಗೇ ಬಿಡಿ.

ಮೆಲ್ಲಗೆ ಬಾಯಿ ಹಾಕಿದಾಗ, ಅಥವಾ ಕೈ ಬಿಟ್ಟು ಆಟಿಕೆ ಹಿಡಿದಾಗ ಹೊಗಳುವುದನ್ನು ಮರೆಯಬೇಡಿ. ತಪ್ಪು ಮಾಡಿದಾಗ ಮಾತ್ರ ಮರಿ ಕಡೆ ತಿರುಗುವ ಮನೆಯಲ್ಲಿ ಮರಿ ತಪ್ಪನ್ನೇ ಕಲಿಯುತ್ತದೆ. ಪ್ರತಿ ಕೋಣೆಯಲ್ಲೂ ಕೈಗೆ ಸಿಗುವ ಹಾಗೆ ಒಂದು ಆಟಿಕೆ ಇಡಿ. ದುಬಾರಿದು ಬೇಕಿಲ್ಲ. ಹಳೇ ಹತ್ತಿ ಸೀರೆ ಹರಿದು ಜಡೆ ಹೆಣೆದು, ಎರಡು ಕಡೆ ಗಂಟು ಹಾಕಿ. ಉದ್ದ ಇರಲಿ, ಹಲ್ಲು ಮತ್ತು ನಿಮ್ಮ ಬೆರಳಿನ ನಡುವೆ ಒಂದು ಮೊಳ ಅಂತರ ಇರಬೇಕು. ಎಳೆ ಬಿಚ್ಚಿ ನುಂಗುವ ಮರಿಯಾದರೆ ಅದನ್ನು ಒಂಟಿಯಾಗಿ ಬಿಡಬೇಡಿ.

ಲಕ್ಷಣ: ಓಡುವ ಮಕ್ಕಳು, ಸೀರೆ ನೆರಿಗೆ, ಪೊರಕೆ

ಅಲುಗಾಡುವುದರ ಬೆನ್ನು ಹತ್ತುವುದು ನಾಯಿಯ ಹುಟ್ಟುಗುಣ. ಮುಧೋಳ ತಳಿಯನ್ನು ಬೆಳೆಸಿದ್ದೇ ಓಡುವ ಬೇಟೆಯ ಬೆನ್ನು ಹತ್ತಲು. ದನ ಕುರಿ ಕಾಯುವ ತಳಿಗಳು ಹಿಮ್ಮಡಿಗೇ ಬಾಯಿ ಹಾಕುತ್ತವೆ. ಈ ಗುಣವನ್ನು ಅಳಿಸಲು ಆಗುವುದಿಲ್ಲ, ಬೇರೆ ಕಡೆ ತಿರುಗಿಸಬೇಕು.

ಮಕ್ಕಳಿಗೆ "ಮರ ಆಗು" ಆಟ ಕಲಿಸಿ. ಮರಿ ಬಾಯಿ ಹಾಕಿದ ಕೂಡಲೇ ನಿಂತಲ್ಲೇ ನಿಲ್ಲಬೇಕು, ಕೈ ಎದೆಗೆ ಕಟ್ಟಬೇಕು, ಬೇರು ನೋಡುವ ಹಾಗೆ ನೆಲ ನೋಡಬೇಕು. ಕಿರುಚಬಾರದು. ಮರಿ ಇಲ್ಲದಾಗಲೇ ಇದನ್ನು ಆಡಿಸಿ ರೂಢಿ ಮಾಡಿ. ಕಚ್ಚಿದ ಹೊತ್ತಲ್ಲಿ ಹೊಸದಾಗಿ ಹೇಳಿಕೊಟ್ಟರೆ ಮಗುವಿಗೆ ನೆನಪಾಗುವುದಿಲ್ಲ. ಆದರೂ ಪುಟ್ಟ ಮಕ್ಕಳನ್ನೂ ಮರಿಯನ್ನೂ ದೊಡ್ಡವರಿಲ್ಲದೆ ಒಟ್ಟಿಗೆ ಬಿಡಬೇಡಿ, ಒಂದು ನಿಮಿಷಕ್ಕೂ ಬೇಡ. ಮಕ್ಕಳು ಓಡಾಡಿ ಆಡುವ ಹೊತ್ತಿಗೆ ಮರಿ ಅಡ್ಡಹಲಗೆಯ ಆಚೆ ಇರಲಿ.

ಸೀರೆ, ಲಂಗ, ಪಂಚೆ, ದುಪಟ್ಟಾ ಹಿಡಿದರೆ ಎಳೆದಾಡಬೇಡಿ. ನಿಂತುಬಿಡಿ, ಬೇರೆ ಆಟಿಕೆ ತೋರಿಸಿ, ಬಿಟ್ಟ ತಕ್ಷಣ ಆಡಿಸಿ. ಕೆಲವು ವಾರದ ಮಟ್ಟಿಗೆ ನೆರಿಗೆ ಎತ್ತಿ ಸಿಕ್ಕಿಸಿಕೊಳ್ಳುವುದೂ ಒಳ್ಳೆಯ ಉಪಾಯವೇ. ಪೊರಕೆಗೆ ಬೇರೆ ದಾರಿ ಇದೆ: ಗುಡಿಸದೆ ಪೊರಕೆಯನ್ನು ನೆಲದ ಮೇಲೆ ಸುಮ್ನೆ ಇಟ್ಟು, ಮರಿ ನೋಡಿ ಸುಮ್ಮನಿದ್ದಾಗ ಒಂದು ತಿಂಡಿ ಚೂರು ಕೊಡಿ. ಮಾರನೇ ದಿನ ಸ್ವಲ್ಪ ಅಲುಗಾಡಿಸಿ, ಮತ್ತೆ ತಿಂಡಿ. ಅದು ರೂಢಿಯಾಗುವವರೆಗೆ ಕಸ ಗುಡಿಸುವ ಹೊತ್ತಿಗೆ ಮರಿ ಬೇರೆ ಕೋಣೆಯಲ್ಲಿ ಇರಲಿ. ಕೆಲಸಕ್ಕೆ ಬರುವವರಿಗೆ ದಿನವೂ ಕಾಲು ಕಚ್ಚಿಸಿಕೊಳ್ಳುವ ಹಣೆಬರಹ ಬೇಡ.

ಲಕ್ಷಣ: ಸಿಕ್ಕಿದ್ದನ್ನೆಲ್ಲಾ ಕಡಿಯುತ್ತದೆ

3 ತಿಂಗಳು ದಾಟಿದ ಮರಿಯ ಬಾಯಿ ತೆರೆದು ನೋಡಿ. ಮುಂದಿನ ಹಲ್ಲು ಬಿದ್ದಿದೆಯಾ? ಒಸಡು ಕೆಂಪಾಗಿದೆಯಾ? ನೆಲದ ಮೇಲೆ ಅಕ್ಕಿಕಾಳಿನಷ್ಟು ಹಲ್ಲು ಸಿಕ್ಕಿತಾ, ಆಟಿಕೆಗೆ ಚೂರು ರಕ್ತ ಅಂಟಿದೆಯಾ? ಹಾಗಿದ್ದರೆ ಹಲ್ಲು ಬದಲಾಗುತ್ತಿದೆ. 28 ಹಾಲುಹಲ್ಲು ಬಿದ್ದು 42 ಗಟ್ಟಿ ಹಲ್ಲು ಬರಬೇಕು, ಇದು 6-7 ತಿಂಗಳವರೆಗೂ ನಡೆಯುತ್ತದೆ. ಗಾಬರಿ ಬೇಡ.

ಒದ್ದೆ ಬಟ್ಟೆಯನ್ನು ಗಂಟು ಹಾಕಿ ಫ್ರಿಜ್ಜಿನಲ್ಲಿ ತಣ್ಣಗೆ ಮಾಡಿ ಕೊಡಿ. ತಣ್ಣನೆಯ ದಪ್ಪ ಕ್ಯಾರೆಟ್ಟೂ ಆಗುತ್ತದೆ, ಎದುರಿಗೆ ಕೂತಿದ್ದು ಕೊಡಿ. ಬೇಯಿಸಿದ ಮೂಳೆ ಕೊಡಬೇಡಿ, ಅದು ಸೀಳಿ ಚೂಪಾಗಿ ಗಂಟಲಿಗೋ ಕರುಳಿಗೋ ಚುಚ್ಚುತ್ತದೆ. ಯಾವುದೇ ಅಗಿಯುವ ವಸ್ತುವಿಗೆ ಹೆಬ್ಬೆರಳ ಉಗುರು ಒತ್ತಿ ನೋಡಿ. ಒಂದಿಷ್ಟೂ ಗುರುತು ಬೀಳದಿದ್ದರೆ ಅದು ಹಲ್ಲು ಮುರಿಯುವಷ್ಟು ಗಟ್ಟಿ. ಹಳೇ ಚಪ್ಪಲಿ ಕೊಡುವ ಅಭ್ಯಾಸವೂ ಬೇಡ. ಹಳೇದು ಯಾವುದು, ನಿನ್ನೆ ತಂದ ಹೊಸದು ಯಾವುದು ಅಂತ ಮರಿಗೆ ಗೊತ್ತಾಗುವುದಿಲ್ಲ.

ಹೊಸ ಕೋರೆಹಲ್ಲು ಬಂದಿದ್ದರೂ ಪಕ್ಕದಲ್ಲಿ ಹಳೆಯದು ಬೀಳದೆ ನಿಂತಿದ್ದರೆ ಪಶುವೈದ್ಯರಿಗೆ ತೋರಿಸಿ. ಪಮೇರಿಯನ್‌ನಂಥ ಚಿಕ್ಕ ನಾಯಿಗಳಲ್ಲಿ ಇದು ಜಾಸ್ತಿ.

ಲಕ್ಷಣ: ಮುಟ್ಟಿದರೆ, ಎತ್ತಿಕೊಂಡರೆ ಕಚ್ಚುತ್ತದೆ

ಇದನ್ನು ತುಂಟತನ ಅಂದುಕೊಳ್ಳಬೇಡಿ. ನಿನ್ನೆವರೆಗೆ ಸುಮ್ಮನಿದ್ದ ಮರಿ ಇವತ್ತು ಮುಟ್ಟಿದ ಕೂಡಲೇ ಕಚ್ಚಿದರೆ ಎಲ್ಲೋ ನೋವಿದೆ. ಕಿವಿಯ ಒಳಗೆ, ಬೆರಳುಗಳ ಸಂದಿನಲ್ಲಿ, ಕುತ್ತಿಗೆ ಬೆಲ್ಟಿನ ಕೆಳಗೆ, ಬಾಲದ ಬುಡದಲ್ಲಿ ಉಣ್ಣಿ, ಚಿಗಟ, ಗಾಯ ಇದೆಯಾ ನೋಡಿ. ಕಿವಿ ವಾಸನೆ ಬರುತ್ತಿದೆಯಾ? ಮಂಕಾಗಿ, ಊಟ ಬಿಟ್ಟು, ಒಸಡು ಬಿಳಿಚಿಕೊಂಡಿದ್ದರೆ ಉಣ್ಣಿಯಿಂದ ಬರುವ ಜ್ವರ ಇರಬಹುದು. ಅದಕ್ಕೆ ತರಬೇತಿ ಅಲ್ಲ, ಔಷಧಿ ಬೇಕು, ಅದೂ ಬೇಗ.

ಡಾಕ್ಟರ್ ನೋಡಿ ಏನೂ ಇಲ್ಲ ಅಂದ ಮೇಲೆ, ಇದು ಕೈಯ ಭಯ. ಬೀದಿಯಲ್ಲಿ ಕಲ್ಲು ತಿಂದ ಮರಿಗೆ, ಮಕ್ಕಳು ಮುಂಗಾಲು ಹಿಡಿದು ಎಳೆದಾಡಿದ ಮರಿಗೆ ಈ ಭಯ ಇರುತ್ತದೆ. ಕಿವಿ ಒಂದು ಸೆಕೆಂಡ್ ಮುಟ್ಟಿ, ಕೈ ತೆಗೆದು, ತಿಂಡಿ ಕೊಡಿ. ಕ್ರಮ ಮುಖ್ಯ: ಮೊದಲು ಕೈ, ಆಮೇಲೆ ತಿಂಡಿ. ತಿಂಡಿ ತೋರಿಸುತ್ತಾ ಮುಟ್ಟಿದರೆ, ತಿಂಡಿ ಕಂಡರೆ ಯಾರೋ ಕಿವಿ ಹಿಡಿಯುತ್ತಾರೆ ಅಂತ ಅದು ತಿಂಡಿಗೇ ಹೆದರತೊಡಗುತ್ತದೆ. ಎರಡು ಮೂರು ನಿಮಿಷಕ್ಕಿಂತ ಹೆಚ್ಚು ಬೇಡ, ದಿನಕ್ಕೆ ಹಲವು ಸಲ ಮಾಡಿ. ತಿಂಡಿ ಅಂದರೆ ಬೇಯಿಸಿದ ಕೋಳಿಯ ಚೂರು, ಮೊಟ್ಟೆ, ಪನೀರ್, ಉಪ್ಪು ಮಸಾಲೆ ಇಲ್ಲದ್ದು. ಈರುಳ್ಳಿ, ದ್ರಾಕ್ಷಿ, ಒಣದ್ರಾಕ್ಷಿ, ಚಾಕೊಲೇಟ್ ನಾಯಿಗೆ ವಿಷ.

ಮರಿಗೆ ಮುದ್ದು ಬೇಕಾ ಬೇಡವಾ ಅಂತ ಅದನ್ನೇ ಕೇಳಬಹುದು. ಮೂರು ಸೆಕೆಂಡ್ ಸವರಿ ಕೈ ಹಿಂದೆ ತೆಗೆಯಿರಿ. ಮುಂದೆ ಬಂದು ಒರಗಿದರೆ ಇನ್ನಷ್ಟು ಸವರಿ. ಮುಖ ತಿರುಗಿಸಿದರೆ, ತುಟಿ ನೆಕ್ಕಿಕೊಂಡರೆ, ಎದ್ದು ಹೋದರೆ ಬಿಟ್ಟುಬಿಡಿ. ಇಷ್ಟು ಮರ್ಯಾದೆ ಸಿಕ್ಕಿದ ಮರಿಗೆ ಕಚ್ಚಿ ಹೇಳುವ ಅಗತ್ಯ ಬರುವುದಿಲ್ಲ.

ಲಕ್ಷಣ: ತಟ್ಟೆ ಹತ್ತಿರ ಹೋದರೆ ಗುರ್ ಅನ್ನುತ್ತದೆ

ಮೊದಲು ಹೊಟ್ಟೆ ವಿಚಾರ. 2-3 ತಿಂಗಳ ಮರಿಗೆ ದಿನಕ್ಕೆ ಮೂರು ನಾಲ್ಕು ಊಟ ಬೇಕು. ಬೆಳಗ್ಗೆ ಒಂದು ಬಟ್ಟಲು ಹಾಲು, ರಾತ್ರಿ ಉಳಿದ ಅನ್ನ ಅಂದರೆ ಸಾಲದು. ಹೊಟ್ಟೆ ಉಬ್ಬಿದ್ದರೆ ಜಂತುಹುಳು ಇರಬಹುದು, ಔಷಧಿ ಹಾಕಿಸಿ. ಹಸಿದ ಮರಿ ತಟ್ಟೆ ಕಾಯುವುದು ಸಹಜ.

"ಈಗಲೇ ರೂಢಿಯಾಗಲಿ" ಅಂತ ತಿನ್ನುವಾಗ ತಟ್ಟೆಗೆ ಕೈ ಹಾಕುವುದು, ತಟ್ಟೆ ಎತ್ತಿಕೊಳ್ಳುವುದು ನಮ್ಮಲ್ಲಿ ಬಹಳ ಇದೆ. ಅದರಿಂದ ಮರಿ ಕಲಿಯುವುದು ಒಂದೇ, ಮನುಷ್ಯರು ಊಟ ಕಿತ್ತುಕೊಳ್ಳುತ್ತಾರೆ ಅಂತ. ಇದಕ್ಕೆ ಉಲ್ಟಾ ಮಾಡಿ. ಅದು ತಿನ್ನುತ್ತಿರುವಾಗ ದೂರದಿಂದ ಹಾದು ಹೋಗುತ್ತಾ ಇನ್ನೂ ರುಚಿಯಾದ ಒಂದು ಚೂರು ತಟ್ಟೆ ಕಡೆ ಎಸೆದು, ನಿಲ್ಲದೆ ಮುಂದೆ ಹೋಗಿ. ದಿನ ಕಳೆದಂತೆ ಸ್ವಲ್ಪ ಸ್ವಲ್ಪ ಹತ್ತಿರ. ನಿಮ್ಮನ್ನು ಕಂಡು ಬಾಲ ಅಲ್ಲಾಡಿಸತೊಡಗಿದರೆ ಸರಿದಾರಿಯಲ್ಲಿದ್ದೀರಿ. ಬಾಯಲ್ಲಿರುವ ಕಾಲುಚೀಲ ಬಿಡಿಸಲೂ ಇದೇ ದಾರಿ: ಕಿತ್ತುಕೊಳ್ಳದೆ ಅದಲು ಬದಲು ಮಾಡಿ.

ಮೈ ಗಟ್ಟಿ ಮಾಡಿ, ತಿನ್ನುವುದು ನಿಲ್ಲಿಸಿ, ಕೆಳದನಿಯಲ್ಲಿ ಗುರ್ ಅನ್ನುವ ಮರಿಯಾದರೆ ನೀವೇ ಪ್ರಯೋಗ ಮಾಡುತ್ತಾ ಕೂರಬೇಡಿ. ತಿಳಿದವರ ಸಹಾಯ ಬೇಗ ತೆಗೆದುಕೊಳ್ಳಿ.

ಇವನ್ನು ಮಾಡಲೇಬೇಡಿ

ಮೂತಿಗೆ ಹೊಡೆಯುವುದು, ಬಾಯಿ ಬಿಗಿಯಾಗಿ ಮುಚ್ಚಿ ಹಿಡಿಯುವುದು, ಬೆನ್ನ ಮೇಲೆ ಮಲಗಿಸಿ ಒತ್ತಿ ಹಿಡಿದು "ಯಜಮಾನ ಯಾರು" ಅಂತ ತೋರಿಸುವುದು, ಕೈಗೆ ಖಾರ ಹಚ್ಚಿಕೊಳ್ಳುವುದು, ದಿನವಿಡೀ ಚೈನಿನಲ್ಲಿ ಕಟ್ಟುವುದು. ಇವುಗಳನ್ನು ಹಿರಿಯರೂ ಹೇಳುತ್ತಾರೆ, ದುಡ್ಡು ತೆಗೆದುಕೊಳ್ಳುವ ಕೆಲವು ಟ್ರೈನರ್‌ಗಳೂ ಹೇಳುತ್ತಾರೆ. ಹೊಡೆದರೆ ಆ ಕ್ಷಣಕ್ಕೆ ಕಚ್ಚುವುದು ನಿಲ್ಲುತ್ತದೆ, ಅದನ್ನು ನೋಡಿಯೇ ಜನ ನಂಬುತ್ತಾರೆ. ಆದರೆ ಕಚ್ಚಲು ಇದ್ದ ಕಾರಣ ಅಲ್ಲೇ ಇರುತ್ತದೆ, ಜೊತೆಗೆ ಕೈಯ ಭಯ ಹೊಸದಾಗಿ ಸೇರಿಕೊಳ್ಳುತ್ತದೆ. ಇನ್ನೂ ದೊಡ್ಡ ಅಪಾಯ ಇನ್ನೊಂದಿದೆ. ಗುರ್ ಅಂದಾಗಲೆಲ್ಲಾ ಏಟು ತಿಂದ ಮರಿ ಗುರ್ ಅನ್ನುವುದನ್ನೇ ಬಿಡುತ್ತದೆ. ಒಂದು ದಿನ ಯಾವ ಸೂಚನೆಯೂ ಕೊಡದೆ ನೇರವಾಗಿ ಕಚ್ಚುತ್ತದೆ. ಗುರ್ ಅನ್ನುವುದು ಅದು ನಮಗೆ ಕೊಡುವ ಎಚ್ಚರಿಕೆ. ಅದನ್ನು ಕಿತ್ತುಕೊಳ್ಳಬೇಡಿ.

ಎಲ್ಲಾ ಮಾಡಿದರೂ ಕಡಿಮೆ ಆಗಿಲ್ಲ

ಮನೆಯ ಒಬ್ಬೊಬ್ಬರನ್ನೂ ಬೇರೆ ಬೇರೆಯಾಗಿ ವಿಚಾರಿಸಿ. ಸಾಮಾನ್ಯವಾಗಿ ಒಬ್ಬರು ಸಿಕ್ಕೇ ಸಿಗುತ್ತಾರೆ. ಅಮ್ಮ "ಸಾಕು" ಅನ್ನುತ್ತಾರೆ, ಅಕ್ಕ ಎದ್ದು ಹೋಗುತ್ತಾಳೆ, ಚಿಕ್ಕಪ್ಪ ಮಾತ್ರ ಬರಿಗೈಯಲ್ಲಿ ಮರಿಯ ಮೂತಿ ಹಿಡಿದು ಕುಸ್ತಿ ಆಡುತ್ತಾರೆ. ಮರಿಗೆ ಆ ಐದು ನಿಮಿಷದ ಕುಸ್ತಿಯೇ ದಿನದ ದೊಡ್ಡ ಸಂತೋಷ. ಚಿಕ್ಕಪ್ಪನಿಗೆ ಬೈಯುವುದಕ್ಕಿಂತ ಅವರ ಕೈಗೆ ಸೀರೆಯ ಜಡೆ ಕೊಡಿ. ಕುಸ್ತಿ ಅದರ ಜೊತೆ ನಡೆಯಲಿ.

ಶುರುವಿನಲ್ಲಿ ಕೆಲವು ದಿನ ಕಚ್ಚುವುದು ಜೋರಾಗಬಹುದು. ಇಷ್ಟು ದಿನ ಫಲ ಕೊಟ್ಟ ಉಪಾಯ ಈಗ ಕೊಡುತ್ತಿಲ್ಲ ಅಂದಾಗ ಮರಿ ಇನ್ನೂ ಬಲವಾಗಿ ಪ್ರಯತ್ನಿಸುತ್ತದೆ. ಆಗ ಸೋತು ಆಟ ಮುಂದುವರಿಸಿದರೆ ಜೋರಾಗಿ ಕಚ್ಚಿದರೇ ಕೆಲಸ ಆಗುತ್ತದೆ ಅಂತ ಪಾಠ ಆದಂತೆ. ತಡೆದುಕೊಳ್ಳಿ. ಹಲ್ಲು ಬದಲಾಗುವ 4ನೇ ತಿಂಗಳ ಆಸುಪಾಸಿನಲ್ಲಿ ಇನ್ನೊಮ್ಮೆ ಏರುತ್ತದೆ. ನಮ್ಮ ಊರುಗಳಲ್ಲಿ ಮರಿಗಳನ್ನು ವಾಪಸ್ ಬೀದಿಗೆ ಬಿಡುವುದೂ ಸರಿಯಾಗಿ ಇದೇ ಹೊತ್ತಿನಲ್ಲಿ. ಇನ್ನು ಕೆಲವೇ ವಾರದಲ್ಲಿ ತಾನಾಗಿ ಇಳಿಯುವ ತೊಂದರೆಗೆ, ಬೀದಿಯಲ್ಲಿ ಬದುಕಲು ಕಲಿಯದ ಮರಿ ಬಲಿಯಾಗುತ್ತದೆ. ದಯವಿಟ್ಟು ಆ ಕೆಲವು ವಾರ ಕಾಯಿರಿ. ಗಟ್ಟಿ ಹಲ್ಲು ಬಂದು 6-7 ತಿಂಗಳಾಗುವಷ್ಟರಲ್ಲಿ, ಮೇಲಿನ ಕ್ರಮ ಬಿಡದೆ ನಡೆಸಿದ ಮನೆಗಳಲ್ಲಿ ಹೆಚ್ಚಿನ ಮರಿಗಳು ಕೈ ಕಚ್ಚುವುದನ್ನು ಬಿಟ್ಟಿರುತ್ತವೆ.

ಆಟದ ಲಕ್ಷಣ ಇಲ್ಲದೆ ಮೈ ಗಟ್ಟಿ ಮಾಡಿ ಕಚ್ಚುತ್ತಿದ್ದರೆ, ಒಬ್ಬರನ್ನೇ ಗುರಿ ಮಾಡಿದ್ದರೆ, ಮಲಗಿದ ಜಾಗ, ಊಟ, ಆಟಿಕೆ ಎಲ್ಲವನ್ನೂ ಕಾಯುತ್ತಿದ್ದರೆ ಸಹಾಯ ಬೇಕೇ ಬೇಕು. ಮೊದಲು ಹತ್ತಿರದ ಪಶು ಆಸ್ಪತ್ರೆಯಲ್ಲಿ ಪೂರ್ತಿ ಪರೀಕ್ಷೆ ಮಾಡಿಸಿ. ಬೆಂಗಳೂರಿನ ಹೆಬ್ಬಾಳ, ಶಿವಮೊಗ್ಗ, ಹಾಸನ, ಬೀದರ್‌ನ ಪಶುವೈದ್ಯಕೀಯ ಕಾಲೇಜುಗಳಲ್ಲೂ ತೋರಿಸಬಹುದು. ಹೋಗುವಾಗ ಬರೆದಿಟ್ಟ ಪುಸ್ತಕ ತೆಗೆದುಕೊಂಡು ಹೋಗಿ. ಕಚ್ಚುವ ಮುಂಚಿನ ವರ್ತನೆಯ ವಿಡಿಯೋ ಇದ್ದರೆ ಇನ್ನೂ ಒಳ್ಳೆಯದು, ಆದರೆ ವಿಡಿಯೋ ಸಿಗಲಿ ಅಂತ ಮರಿಯನ್ನು ರೇಗಿಸಬೇಡಿ.

ಟ್ರೈನರ್ ಗೊತ್ತು ಮಾಡುವ ಮೊದಲು ಎರಡು ಪ್ರಶ್ನೆ ಕೇಳಿ: ಮರಿ ಸರಿಯಾಗಿ ಮಾಡಿದಾಗ ಏನು ಕೊಡುತ್ತೀರಿ, ತಪ್ಪು ಮಾಡಿದಾಗ ಏನು ಮಾಡುತ್ತೀರಿ? ಎರಡನೆಯದಕ್ಕೆ ಹೊಡೆತ, ಜಗ್ಗುವ ಚೈನು, ಶಾಕ್ ಕೊಡುವ ಬೆಲ್ಟ್ ಅಂತ ಉತ್ತರ ಬಂದರೆ ಬೇರೆಯವರನ್ನು ನೋಡಿ. ತಿಂಗಳುಗಟ್ಟಲೆ ತಮ್ಮಲ್ಲಿ ಇಟ್ಟುಕೊಂಡು ಕಲಿಸಿ ಕಳಿಸುತ್ತೇವೆ ಅಂದರೂ ಬೇಡ. ಮರಿ ಕಚ್ಚುತ್ತಿರುವುದು ನಿಮ್ಮ ಮನೆಯಲ್ಲಿ, ನಿಮ್ಮವರಿಗೆ. ಅವರು ಮನೆಗೇ ಬಂದು, ನಿಮ್ಮ ಕಣ್ಣೆದುರಿಗೆ, ನಿಮ್ಮ ಕೈಯಿಂದಲೇ ಕಲಿಸಲಿ.